ಸಹಾಯ ಬೇಕು: ಅನ್ನ ಬಿಟ್ಟಾಯ್ತು, ತೆಂಗಿನಕಾಯಿಯೂ ಬಿಡಬೇಕಾ?

ನಮಸ್ಕಾರ. ನಾನು ಉಡುಪಿಯವಳು. ತೂಕ ಇಳಿಸಲು ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ, ಸಕ್ಕರೆ) ಕಡಿಮೆ ಮಾಡೋಣ ಅಂತ ಕುಚ್ಚಲಕ್ಕಿ ಅನ್ನ, ನೀರುದೋಸೆ, ಸಕ್ಕರೆ ಎಲ್ಲ ನಿಲ್ಲಿಸಿದ್ದೇನೆ. ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಬಂಗುಡೆ ಪುಳಿಮುಂಚಿ (ಹುಳಿ-ಖಾರದ ಮೀನು ಸಾರು) ಜೊತೆ ಅಲಸಂಡೆ ಪಲ್ಯ, ರಾತ್ರಿ ಒಂದು ಬಟ್ಟಲು ಬಸಳೆ ಗಸಿ (ಕಾಯಿ ಅರೆದು ಮಾಡುವ ದಪ್ಪ ಸಾರು). ಶುಗರ್, ಬಿಪಿ ಮಾತ್ರೆ ಯಾವುದೂ ಇಲ್ಲ.

ಶುರುವಿನಲ್ಲಿ ತೂಕ ಬೇಗ ಇಳಿಯಿತು. ಅದರಲ್ಲಿ ಮೈಯ ನೀರೇ ಜಾಸ್ತಿ ಅಂತ ಗೊತ್ತು. ಆದರೆ ಈಗ ಮುಳ್ಳು ಅಲ್ಲಾಡ್ತಾನೇ ಇಲ್ಲ. ಸಂಜೆ ನಡಿಗೆ ಹೆಚ್ಚಿಸಿದೆ, ಹಣ್ಣು ಕಡಿಮೆ ಮಾಡಿದೆ. ಸುಸ್ತು ಬಂತು ಅಷ್ಟೇ.

ನನ್ನ ಗೊಂದಲ ತೆಂಗಿನಕಾಯಿಯದ್ದು. 100 ಗ್ರಾಂ ಹಸಿ ಕಾಯಿತುರಿಯಲ್ಲಿ ಕಾರ್ಬ್ ಸುಮಾರು 15 ಗ್ರಾಂ, ಅದರಲ್ಲೂ 9 ಗ್ರಾಂ ನಾರು, ಅದು ಮೈಯಲ್ಲಿ ಸಕ್ಕರೆ ಆಗೋದಿಲ್ಲ. ಹಾಗೆ ನೋಡಿದರೆ ತಿನ್ನಬಹುದು ಅಲ್ವಾ? ಆದರೆ ಕ್ಯಾಲೊರಿ 350ರ ಹತ್ತಿರ! ನಮ್ಮಲ್ಲಿ ಪುಳಿಮುಂಚಿ ಬಿಟ್ಟರೆ ಉಳಿದದ್ದಕ್ಕೆಲ್ಲ ಕಾಯಿ ಬೇಕು. ಅರ್ಧ ಕಾಯಿಯಾದರೂ ಅರೆಯದೆ ಗಸಿ ದಪ್ಪ ಬರುವುದಿಲ್ಲ ಅಂತಾರೆ ಅತ್ತೆ. ಅದೂ ನಿಜವೇ. ಅವರಿಗೆ ಬೇರೆ, ನನಗೆ ಬೇರೆ ಅಡುಗೆ ಮಾಡಲು ಮನಸ್ಸಿಲ್ಲ.

ನಮ್ಮ ಕರಾವಳಿ ಊಟದಲ್ಲೇ ಅನ್ನ ಬಿಟ್ಟು ತೂಕ ಇಳಿಸಿದವರು ದಯವಿಟ್ಟು ಹೇಳಿ: ತೂಕ ಹೀಗೆ ನಿಂತಾಗ ನೀವು ಕಾಯಿ ಕಡಿಮೆ ಮಾಡಿದ್ರಾ? ದಿನಕ್ಕೆ ಎಷ್ಟು ತುರಿಗೆ ಇಳಿಸಿದಿರಿ? ಗಸಿಗೆ ಕಾಯಿ ಬದಲು ಏನು ಅರೆದಿರಿ?