ಅಪ್‌ಡೇಟ್: ಸಿಎಸ್‌ವಿಯಲ್ಲಿ ‘ಹೆಸರು’ ಕಾಲಂ ಸಿಗುತ್ತಿಲ್ಲ – ಸರಿಹೋಯಿತು

ಪುಣೆಯ ನಮ್ಮ ಕನ್ನಡ ಸಂಘದ ಸದಸ್ಯರ ಪಟ್ಟಿಯ ಸಿಎಸ್‌ವಿ ಫೈಲನ್ನು (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಫೈಲು) ಪೈಥಾನ್‌ನಲ್ಲಿ ಓದುವಾಗ ‘ಹೆಸರು’ ಕಾಲಂಗೆ ಕೀ-ಎರರ್ (ಆ ಹೆಸರಿನದು ಇಲ್ಲ ಎಂಬ ದೋಷ) ಬರುತ್ತಿದೆ ಎಂದು ಕೇಳಿದ್ದೆ. ಫೈಲ್ ತೆರೆದರೆ ಕಾಲಂ ಕಣ್ಣೆದುರೇ ಇತ್ತು.

ಉತ್ತರ ಕೊಟ್ಟವರು ಹೇಳಿದಂತೆ ಆ ಶೀರ್ಷಿಕೆಯ ಉದ್ದ ಅಳೆದೆ. ‘ಹೆಸರು’ ಅಂದರೆ 5 ಕೋಡ್‌ಪಾಯಿಂಟ್ (ಕಂಪ್ಯೂಟರ್ ಎಣಿಸುವ ಅಕ್ಷರ-ಚಿಹ್ನೆಗಳು), ಬಂದದ್ದು 6. ಎಕ್ಸೆಲ್‌ನಲ್ಲಿ ‘ಸಿಎಸ್‌ವಿ ಯುಟಿಎಫ್-8’ ಎಂದು ಉಳಿಸಿದಾಗ ಫೈಲಿನ ತಲೆಗೆ ಬಿಒಎಂ ಎಂಬ ಕಾಣದ ಗುರುತು ಸೇರುತ್ತದೆ. ಪೈಥಾನ್‌ನ ಸಿಎಸ್‌ವಿ ಮಾಡ್ಯೂಲ್‌ನಲ್ಲಿ ಬರೀ ಯುಟಿಎಫ್-8 ಎಂದು ಓದಿದರೆ ಅದು ಮೊದಲ ಕಾಲಂನ ಹೆಸರಿಗೇ ಅಂಟಿಕೊಳ್ಳುತ್ತದೆ. ಉಳಿದ ಕಾಲಂಗಳಿಗೆ ತೊಂದರೆಯಿಲ್ಲ, ಅದಕ್ಕೇ ಇಷ್ಟು ಗೊಂದಲ. ಎನ್‌ಕೋಡಿಂಗ್ (ಅಕ್ಷರಗಳನ್ನು ಓದುವ ಬಗೆ) ‘ಯುಟಿಎಫ್-8-ಸಿಗ್’ ಮಾಡಿದೆ, ಮುಗಿಯಿತು. ಬಿಒಎಂ ಇಲ್ಲದ ಫೈಲನ್ನೂ ಇದು ಸರಿಯಾಗಿಯೇ ಓದುತ್ತದೆ, ಹಾಗಾಗಿ ಸದಾ ಇದನ್ನೇ ಇಡುವುದು ಒಳ್ಳೆಯದು. ಎಕ್ಸೆಲ್‌ಗಾಗಿ ಬರೆಯುವಾಗಲೂ ಇದೇ ಬೇಕು. ಇಲ್ಲದಿದ್ದರೆ ಕನ್ನಡ ಚೆಲ್ಲಾಪಿಲ್ಲಿ.

ಇನ್ನೊಂದು ತೊಂದರೆಯೂ ಇತ್ತು: ಸದಸ್ಯತ್ವ ಸಂಖ್ಯೆ 0042 ಬರೀ 42 ಆಗುತ್ತಿದ್ದದ್ದು. ಅದು ಪಾಂಡಾಸ್ (ಪಟ್ಟಿಗಳನ್ನು ನಿಭಾಯಿಸುವ ಪೈಥಾನ್ ಲೈಬ್ರರಿ) ಅದನ್ನು ಅಂಕಿ ಎಂದು ಊಹಿಸಿದ್ದರಿಂದ. ಓದುವಾಗಲೇ ಡಿ-ಟೈಪ್ (ಕಾಲಂನ ಬಗೆ) ‘ಎಸ್‌ಟಿಆರ್’, ಅಂದರೆ ಪಠ್ಯ, ಎಂದು ಕೊಡಬೇಕು. ಆಮೇಲೆ ಬದಲಿಸಿದರೆ ಹೋದ ಸೊನ್ನೆ ಮರಳುವುದಿಲ್ಲ.

ಪಟ್ಟಿಯನ್ನು ಜೇಸನ್‌ಗೆ (ದತ್ತಾಂಶ ಉಳಿಸುವ ಇನ್ನೊಂದು ಪಠ್ಯ ರೂಪ) ಬರೆಯುವಾಗ ‘ಎನ್ಶೂರ್ ಆಸ್ಕಿ’ ಎಂಬ ಆಯ್ಕೆಯನ್ನು ಫಾಲ್ಸ್ ಮಾಡಿ. ಹಾಗೇ ಬಿಟ್ಟರೂ ದತ್ತಾಂಶ ಕೆಡುವುದಿಲ್ಲ, ಆದರೆ ಕನ್ನಡದ ಬದಲು ಬರೀ ಕೋಡ್ ಸಂಖ್ಯೆಗಳು ಕಾಣುತ್ತವೆ. ಪಟ್ಟಿ ತಿದ್ದುವವರು ಅದನ್ನು ಓದುವುದು ಹೇಗೆ?