ಕೊಡಗಿನ ಮಳೆಗಾಲದಲ್ಲಿ ಮೇಕಪ್ ಬ್ರಷ್‌ಗಳನ್ನು ತೊಳೆದು ಒಣಗಿಸಿ ಇಡುವ ಬಗೆ ಹೇಗೆ?

ಪ್ರಶ್ನೆ (ಗೋಣಿಕೊಪ್ಪಲಿನಿಂದ)

ಎಲ್ಲರಿಗೂ ನಮಸ್ಕಾರ. ನಾನು ಗೋಣಿಕೊಪ್ಪಲು, ಪೊನ್ನಂಪೇಟೆಯ ಸುತ್ತಮುತ್ತ ಮದುವೆ ಮನೆಗಳಿಗೆ ಹೋಗಿ ಮದುಮಗಳಿಗೆ ಮೇಕಪ್ ಮಾಡಿಕೊಡುತ್ತೇನೆ. ಕಕ್ಕಡ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ನಮ್ಮಲ್ಲಿ ಮದುವೆಗಳು ನಡೆಯುವುದಿಲ್ಲವಾದ್ದರಿಂದ, ಜುಲೈ ನಡುವಿನ ಹೊತ್ತಿಗೆ ಬ್ರಷ್‌ಗಳನ್ನೆಲ್ಲ ಶಾಂಪೂ ಹಾಕಿ ತೊಳೆದು, ಮಾರನೆಯ ದಿನ ಜಿಪ್ ಇರುವ ರೆಕ್ಸಿನ್ ಚೀಲದಲ್ಲಿ ಸುತ್ತಿ ಬೀರುವಿನಲ್ಲಿ ಇಡುವುದು ನನ್ನ ರೂಢಿ. ಈ ವರ್ಷ ಸೆಪ್ಟೆಂಬರ್ ಮೊದಲಲ್ಲಿ ಬರುವ ನಮ್ಮ ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ ಚೀಲ ಬಿಚ್ಚಿದಾಗ ಮುಗ್ಗಲು ವಾಸನೆ ಬಂತು. ಮೇಕೆ ಕೂದಲಿನ ಎರಡು ಪೌಡರ್ ಬ್ರಷ್‌ಗಳಲ್ಲಿ, ಕೂದಲು ಲೋಹದ ಕೊಳವೆಯೊಳಗೆ ಸೇರುವ ಜಾಗದಲ್ಲಿ, ಬೂದು ಬಣ್ಣದ ಬೂಷ್ಟು ಹಿಡಿದಿದೆ. ಫೌಂಡೇಶನ್ ಹಚ್ಚುವ ನೈಲಾನ್ ಬ್ರಷ್‌ಗಳ ಕೂದಲು ಚೆನ್ನಾಗಿಯೇ ಇದ್ದರೂ, ಒಂದರ ಮರದ ಹಿಡಿಯ ಬಣ್ಣ ಬಿರಿದು ಎದ್ದು ಕೊಳವೆ ಸಡಿಲವಾಗಿದೆ.

ಡೆಟಾಲ್ ನೀರಿನಲ್ಲಿ ರಾತ್ರಿಯಿಡೀ ನೆನೆಸಬೇಕೆಂದು ಒಬ್ಬರು, ವಿನೆಗರ್ ಹಾಕಬೇಕೆಂದು ಇನ್ನೊಬ್ಬರು ಹೇಳುತ್ತಾರೆ. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟಕ್ಕಿಂತ ಒಳ್ಳೆಯ ಜಾಗವಿಲ್ಲ ಎಂಬುದು ನಮ್ಮ ಅತ್ತೆಯವರ ಅಭಿಪ್ರಾಯ. ಬೂಷ್ಟು ಬಂದ ಬ್ರಷ್‌ಗಳನ್ನು ಉಳಿಸಿಕೊಳ್ಳಬಹುದೇ, ಮುಂದಿನ ಕಕ್ಕಡದಲ್ಲಿ ಹೀಗಾಗದಂತೆ ಏನು ಮಾಡಬೇಕು ಎಂದು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1 (ಮಡಿಕೇರಿಯಿಂದ)

ನಾನೂ ಇದೇ ಕೆಲಸದವಳು. ನಿಮ್ಮ ವಿವರ ನೋಡಿದರೆ ತೊಳೆಯುವುದರಲ್ಲಿ ಕೊರತೆಯೇನೂ ಕಾಣುವುದಿಲ್ಲ. ಬ್ರಷ್‌ಗಳು ಪೂರ್ತಿ ಒಣಗುವ ಮೊದಲೇ ಚೀಲ ಸೇರಿವೆ, ತೊಂದರೆಯೆಲ್ಲ ಅಲ್ಲಿಂದಲೇ ಹುಟ್ಟಿದೆ. ದಪ್ಪ ಪೌಡರ್ ಬ್ರಷ್‌ನ ಕೂದಲು ಬುಡದಲ್ಲಿ ಒತ್ತೊತ್ತಾಗಿ ಇರುತ್ತದೆ. ಬಯಲುಸೀಮೆಯಲ್ಲಿ ರಾತ್ರಿ ತೊಳೆದಿಟ್ಟರೆ ಬೆಳಿಗ್ಗೆ ಕೈಗೆ ಬರುವ ಬ್ರಷ್ ನಮ್ಮ ಜುಲೈಯಲ್ಲಿ ಎರಡು ಮೂರು ದಿನ ಕಳೆದರೂ ಒಳಗೆ ತೇವವಾಗಿಯೇ ಇರಬಹುದು, ಏಕೆಂದರೆ ಸುತ್ತಲಿನ ಗಾಳಿಯೇ ನೀರು ಕುಡಿದು ಕುಳಿತಿರುತ್ತದೆ. ತುದಿಯನ್ನು ಮುಟ್ಟಿ ನೋಡಿ ಒಣಗಿದೆ ಎಂದುಕೊಳ್ಳಬಾರದು. ಬುಡದ ಕೂದಲನ್ನು ಬೆರಳಿನಿಂದ ಸ್ವಲ್ಪ ಬಿಡಿಸಿ ಮೇಲ್ತುಟಿಗೆ ತಾಗಿಸಿ ನೋಡಿ. ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ನೀರಿದೆ ಎಂದೇ ಅರ್ಥ. ಬೆರಳಿಗೆ ತಿಳಿಯದ ತೇವ ತುಟಿಗೆ ತಿಳಿಯುತ್ತದೆ.

ತೊಳೆಯುವಾಗ ಬ್ರಷ್‌ನ ತಲೆ ಯಾವಾಗಲೂ ಕೆಳಮುಖವಾಗಿರಲಿ, ಕೊಳವೆಯ ಅಂಚಿನವರೆಗೆ ನೀರು ಹೋಗದಿರಲಿ. ಉಗುರುಬೆಚ್ಚಗಿನ ನೀರು ಸಾಕು. ಅಂಗೈಯಲ್ಲಿ ಮಕ್ಕಳ ಶಾಂಪೂ ಒಂದೆರಡು ಹನಿ ಹಾಕಿಕೊಂಡು ಬ್ರಷ್‌ನ್ನು ಮೆಲ್ಲಗೆ ಸುತ್ತಿಸಿ, ನೊರೆಯನ್ನು ಬುಡದಿಂದ ತುದಿಯ ಕಡೆಗೆ ಬೆರಳಿನಲ್ಲಿ ಹಿಂಡುತ್ತಾ ಬನ್ನಿ. ಹಿಂಡಿದ ನೀರು ತಿಳಿಯಾಗುವವರೆಗೆ ಇದನ್ನೇ ಮತ್ತೆ ಮಾಡಬೇಕು. ಫೌಂಡೇಶನ್, ಲಿಪ್‌ಸ್ಟಿಕ್‌ನಂಥ ಜಿಡ್ಡಿನ ಬಣ್ಣ ಹಿಡಿದ ಬ್ರಷ್‌ಗಳಿಗೆ ಬರಿಯ ಶಾಂಪೂ ಸಾಲದು. ಮೊದಲು ಸ್ವಲ್ಪ ಎಣ್ಣೆಯಲ್ಲಿ ತಿಕ್ಕಿ ಬಣ್ಣವನ್ನು ಬಿಡಿಸಿ, ಆಮೇಲೆ ಪಾತ್ರೆ ತೊಳೆಯುವ ದ್ರವ ಒಂದು ಹನಿ ಹಾಕಿ ಎಣ್ಣೆಯನ್ನು ತೆಗೆಯಬೇಕು. ಮಡಿಕೇರಿಯ ಚಳಿಗೆ ತೆಂಗಿನೆಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುವುದರಿಂದ ನಾನು ಆಲಿವ್ ಎಣ್ಣೆ ಬಳಸುತ್ತೇನೆ.

ನಂತರ ಹತ್ತಿ ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ತಲೆಗೆ ಮೊದಲಿನ ಆಕಾರ ಕೊಟ್ಟು, ಹಿಡಿಗೆ ರಬ್ಬರ್ ಬ್ಯಾಂಡ್ ಹಾಕಿ ದಾರಕ್ಕೆ ತಲೆಕೆಳಗಾಗಿ ತೂಗುಹಾಕಿ. ಲೋಟದಲ್ಲಿ ನೆಟ್ಟಗೆ ನಿಲ್ಲಿಸಿದರೆ ನೀರು ಕೊಳವೆಯೊಳಗೆ ಇಳಿಯುತ್ತದೆ. ಹತ್ತಿರದಲ್ಲಿ ಫ್ಯಾನ್ ಓಡುತ್ತಿರಲಿ. ಮಳೆಗಾಲದಲ್ಲಿ ಇದಕ್ಕಾಗುವ ಕರೆಂಟಿನ ಖರ್ಚು ಹೊಸ ಬ್ರಷ್‌ನ ಬೆಲೆಯ ಮುಂದೆ ಏನೂ ಅಲ್ಲ. ಹೇರ್ ಡ್ರೈಯರ್ ಇದ್ದರೆ ತಣ್ಣನೆಯ ಗಾಳಿಯಲ್ಲಿ ಮಾತ್ರ ಬಳಸಿ. ಅಟ್ಟದ ವಿಷಯದಲ್ಲಿ ನಿಮ್ಮ ಅತ್ತೆಯವರು ಹೇಳುವುದು ಬಟ್ಟೆಬರೆಗೆ, ಮೆಣಸಿಗೆ ಸರಿಯೇ. ಆದರೆ ಬ್ರಷ್‌ಗೆ ಹೊಗೆಯ ವಾಸನೆ ಹಿಡಿದರೆ ಅದು ಮದುಮಗಳ ಮೂಗಿಗೆ ಮೊದಲು ತಿಳಿಯುತ್ತದೆ, ಕಾವಿಗೆ ಅಂಟು ಕೂಡ ಸಡಿಲವಾಗುತ್ತದೆ.

ಉತ್ತರ 2 (ಸೋಮವಾರಪೇಟೆಯಿಂದ)

ನಾನು ಶಾಲೆಯಲ್ಲಿ ಚಿತ್ರಕಲೆ ಕಲಿಸುವವನು, ಮೇಕಪ್ ಬಗ್ಗೆ ತಿಳಿದವನಲ್ಲ. ಆದರೂ ಬಣ್ಣ ಬಳಿಯುವ ಬ್ರಷ್‌ಗೂ ನಿಮ್ಮ ಬ್ರಷ್‌ಗೂ ಕಟ್ಟೋಣ ಒಂದೇ ಆಗಿರುವುದರಿಂದ, ಸಡಿಲವಾದ ಕೊಳವೆಯ ಬಗ್ಗೆ ಹೇಳಬಹುದು ಎನಿಸಿತು.

ಕೂದಲಿನ ಕಟ್ಟನ್ನು ಲೋಹದ ಕೊಳವೆಯಲ್ಲಿ ಅಂಟು ಹಾಕಿ ಕೂರಿಸಿ, ಕೊಳವೆಯ ಇನ್ನೊಂದು ತುದಿಗೆ ಮರದ ಹಿಡಿಯನ್ನು ತೂರಿಸಿ ಒತ್ತಿರುತ್ತಾರೆ. ನೀರು ಒಳಗೆ ಇಳಿದರೆ ಮರ ಹಿಗ್ಗುತ್ತದೆ. ಮೇಲಿನ ಬಣ್ಣ ಮರದ ಜೊತೆಗೆ ಹಿಗ್ಗಲಾರದೆ ಬಿರಿಯುತ್ತದೆ. ಮುಂದೆ ಮರ ಒಣಗಿ ಕುಗ್ಗಿದಾಗ ಕೊಳವೆಗೂ ಹಿಡಿಗೂ ನಡುವೆ ಸಂದು ಉಳಿಯುತ್ತದೆ. ನಿಮ್ಮ ನೈಲಾನ್ ಬ್ರಷ್‌ಗೆ ಆಗಿರುವುದು ಇದೇ. ಹಿಡಿಯನ್ನು ಕಳಚಿ ಕೆಲವು ದಿನ ಚೆನ್ನಾಗಿ ಒಣಗಲು ಬಿಟ್ಟು, ಎರಡು ಟ್ಯೂಬ್‌ಗಳನ್ನು ಬೆರೆಸಿ ಹಚ್ಚುವ ಎಪಾಕ್ಸಿ ಅಂಟಿನಿಂದ ಕೂಡಿಸಿದರೆ ಅದು ಇನ್ನೂ ಬಾಳುತ್ತದೆ.

ಮೇಕೆಯ ಕೂದಲೂ ನಮ್ಮ ತಲೆಗೂದಲಿನಂತೆ ಕೆರಟಿನ್‌ನಿಂದಲೇ ಆದದ್ದು. ಮೈಗೆ ಹಾಕುವ ಸಾಬೂನು ಕ್ಷಾರೀಯವಾದ್ದರಿಂದ ಅದರಲ್ಲಿ ಮತ್ತೆ ಮತ್ತೆ ತೊಳೆದರೆ ಕೂದಲಿನ ಹೊರಪದರ ಒರಟಾಗಿ, ಬ್ರಷ್ ಚರ್ಮಕ್ಕೆ ಚುಚ್ಚತೊಡಗುತ್ತದೆ. ಅಂಟುವಾಳದ ನೊರೆ ಮೃದುವಾದದ್ದೇ, ಆದರೆ ಬಿಳಿ ಕೂದಲಿಗೆ ಕಂದು ಛಾಯೆ ಹತ್ತಿಸುತ್ತದೆ ಮತ್ತು ಕಣ್ಣಿಗೆ ವಿಪರೀತ ಉರಿಯುತ್ತದೆ. ಕಣ್ಣಿನ ಬ್ರಷ್‌ಗಳಿಗೆ ಬೇಡವೇ ಬೇಡ. ಸೀಗೆಪುಡಿಯನ್ನೂ ಬಳಸಬೇಡಿ, ಅದರ ಚೂರುಗಳು ಬುಡದಲ್ಲಿ ಸಿಕ್ಕಿಕೊಂಡು ಬರುವುದೇ ಇಲ್ಲ. ವಿನೆಗರ್ ಎಂದಾಗ ಅವರು ಹೇಳಿದ್ದು ಬಿಳಿ ವಿನೆಗರ್ ಎಂದುಕೊಳ್ಳುತ್ತೇನೆ. ನಮ್ಮ ಜಿಲ್ಲೆಯ ಅಡುಗೆಮನೆಗಳಲ್ಲಿ ವಿನೆಗರ್ ಎಂದರೆ ಕಾಚಂಪುಳಿಯ ಬಾಟಲಿಗೆ ಕೈ ಹೋಗುವುದುಂಟು. ಆ ಕಪ್ಪು, ಮಂದ ರಸ ಹಂದಿ ಕರಿಗೆ ಮಾತ್ರ ಇರಲಿ.

ಉತ್ತರ 3 (ವಿರಾಜಪೇಟೆಯಿಂದ)

ನಾನು ಶುಶ್ರೂಷಕಿಯಾಗಿ ಕೆಲಸ ಮಾಡುತ್ತಿರುವುದರಿಂದ ಸೋಂಕಿನ ಭಾಗದ ಬಗ್ಗೆ ಮಾತ್ರ ಬರೆಯುತ್ತೇನೆ. ಬೂಷ್ಟು ಬಂದ ಆ ಎರಡು ಮೇಕೆ ಕೂದಲಿನ ಬ್ರಷ್‌ಗಳನ್ನು ಬಿಸಾಡಿಬಿಡಿ. ಹೊರಗೆ ಕಾಣುವ ಬೂಷ್ಟನ್ನು ತೊಳೆಯಬಹುದಾದರೂ ಕೊಳವೆಯೊಳಗೆ ಇಳಿದದ್ದು ಅಲ್ಲಿಯೇ ಉಳಿದು, ತೇವ ಸಿಕ್ಕಿದ ಕೂಡಲೇ ಮತ್ತೆ ಬೆಳೆಯುತ್ತದೆ. ದುಬಾರಿ ಬ್ರಷ್ ಎಂಬ ಸಂಕಟ ಅರ್ಥವಾಗುತ್ತದೆ, ಆದರೆ ಅದು ನಾಳೆ ಇನ್ನೊಬ್ಬರ ಮುಖವನ್ನು ಮುಟ್ಟುವ ವಸ್ತು.

ಡೆಟಾಲ್ ನೀರು ಬೇಡ. ಅದು ಗಾಯಕ್ಕೂ ನೆಲಕ್ಕೂ ಇರುವ ದ್ರವ. ಬ್ರಷ್‌ನಲ್ಲಿ ಉಳಿದುಬಿಟ್ಟರೆ ಕಣ್ಣುರೆಪ್ಪೆಯ ತೆಳು ಚರ್ಮದಲ್ಲಿ ಉರಿ, ತುರಿಕೆ ತರಬಹುದು. ಮೇಲಾಗಿ, ರಾತ್ರಿಯಿಡೀ ನೆನೆಸಿದರೆ ಮೇಲಿನವರು ಹೇಳಿದ ಮರ ಹಿಗ್ಗುವ ತೊಂದರೆಯೂ ತಪ್ಪುವುದಿಲ್ಲ. ಅದರ ಬದಲು ಔಷಧಿ ಅಂಗಡಿಯಲ್ಲಿ ಸಿಗುವ ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೋಹಾಲ್ ತೆಗೆದುಕೊಳ್ಳಿ. ಶೇಕಡಾ 99ರದ್ದು ಇನ್ನೂ ಪರಿಣಾಮಕಾರಿ ಎಂದು ಹಲವರು ಭಾವಿಸುತ್ತಾರೆ, ಆದರೆ ಅದು ಬೇಗನೆ ಆವಿಯಾಗಿಬಿಡುತ್ತದೆ. ಸೂಕ್ಷ್ಮಾಣುವಿನ ಪ್ರೋಟೀನನ್ನು ಕೆಡಿಸುವ ಕೆಲಸಕ್ಕೆ ಸ್ವಲ್ಪ ನೀರೂ ಬೇಕು. ಇದನ್ನು ತೊಳೆದು ಒಣಗಿಸಿದ ಬ್ರಷ್‌ಗೆ ಸಿಂಪಡಿಸಬೇಕೇ ಹೊರತು ಕೊಳಕು ಬ್ರಷ್‌ಗಲ್ಲ, ಏಕೆಂದರೆ ಜಿಡ್ಡಿನ ಪದರದ ಕೆಳಗೆ ಆಲ್ಕೋಹಾಲ್ ತಲುಪುವುದಿಲ್ಲ. ನೈಲಾನ್ ಬ್ರಷ್‌ಗಳು ಇದನ್ನು ತಡೆದುಕೊಳ್ಳುತ್ತವೆ. ಪ್ರಾಣಿಗಳ ಕೂದಲು ಪದೇಪದೇ ಹಾಕಿದರೆ ಒಣಗಿ ಮುರಿಯುತ್ತದೆ, ಹಿಡಿಯ ಮೆರುಗೂ ಕೆಡುತ್ತದೆ. ಒಲೆಯ ಬಳಿ, ದೀಪದ ಬಳಿ ಇದನ್ನು ತೆರೆಯಲೇಬೇಡಿ.

ಮನೆಯಲ್ಲಿ ತಮಗಾಗಿ ಮಾತ್ರ ಬಳಸುವವರಿಗೆ 7ರಿಂದ 10 ದಿನಗಳಿಗೊಮ್ಮೆ ತೊಳೆಯುವಂತೆ ಅಮೆರಿಕದ ಚರ್ಮವೈದ್ಯರ ಅಕಾಡೆಮಿ ಸಲಹೆ ನೀಡುತ್ತದೆ. ನಿಮ್ಮಂತೆ ಹಲವರಿಗೆ ಮೇಕಪ್ ಮಾಡುವವರಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ. ಒಬ್ಬರ ಮುಖ ಮುಟ್ಟಿದ ಬ್ರಷ್ ಶುಚಿಯಾಗದೆ ಇನ್ನೊಬ್ಬರ ಮುಖಕ್ಕೆ ಹೋಗಬಾರದು. ಮದುಮಗಳ ಜೊತೆಗೆ ಅಕ್ಕತಂಗಿಯರೂ ಸಾಲಾಗಿ ಕುಳಿತುಬಿಡುವ ಮನೆಗಳಲ್ಲಿ ಇದು ಕಷ್ಟವೆಂದು ಗೊತ್ತು. ಕನಿಷ್ಠ ಕಣ್ಣಿಗೆ ಬಳಸುವವುಗಳ ಎರಡು ಮೂರು ಜೊತೆಗಳಾದರೂ ಇರಲಿ, ಮಸ್ಕಾರಾಕ್ಕೆ ಒಬ್ಬರಿಗೆ ಒಂದರಂತೆ ಬಳಸಿ ಎಸೆಯುವ ಕಡ್ಡಿ ಇರಲಿ. ಕಣ್ಣು ಕೆಂಪಾಗಿರುವವರಿಗೆ, ತುಟಿಯ ಬಳಿ ಗುಳ್ಳೆ ಎದ್ದಿರುವವರಿಗೆ ನಿಮ್ಮ ಬ್ರಷ್ ಮುಟ್ಟಿಸದಿರುವುದೇ ಒಳ್ಳೆಯದು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಎರಡು ಬ್ರಷ್‌ಗಳನ್ನು ಬಿಟ್ಟುಬಿಡುತ್ತೇನೆ, ಸಡಿಲವಾದದ್ದನ್ನು ಅಂಟಿಸಿ ನೋಡುತ್ತೇನೆ. ಹೊಸ ಪೌಡರ್ ಬ್ರಷ್‌ಗಳನ್ನು ಯಾವ ಕೂದಲಿನದ್ದು ಕೊಳ್ಳಲಿ, ಮುಂದಿನ ಮಳೆಗಾಲಕ್ಕೆ ಯಾವುದರಲ್ಲಿ ಇಡಲಿ, ಸ್ಪಂಜನ್ನು ಏನು ಮಾಡಲಿ ಎಂಬುದು ಮಾತ್ರ ಉಳಿದಿದೆ.

ಉತ್ತರ 4 (ಕುಶಾಲನಗರದಿಂದ)

ನಮ್ಮ ಕಡೆ ನಿಮ್ಮಷ್ಟು ಮಳೆಯಿಲ್ಲ, ಆಗಾಗ ಬಿಸಿಲೂ ಕಾಣುತ್ತದೆ. ಹಾಗೆಂದು ಬ್ರಷ್‌ಗಳನ್ನು ಗಂಟೆಗಟ್ಟಲೆ ಸುಡುಬಿಸಿಲಿನಲ್ಲಿ ಇಡುವುದು ಒಳ್ಳೆಯದಲ್ಲ, ಕೂದಲು ಬಿರುಸಾಗುತ್ತದೆ. ಗಾಳಿಯಾಡುವ ನೆರಳಿನ ಜಗಲಿಯೇ ಸಾಕು.

ಉತ್ತರ 1ರ ಲೇಖಕಿಯಿಂದ ಮತ್ತೊಮ್ಮೆ

ನನ್ನನ್ನು ಕೇಳಿದರೆ ಕೊಡಗಿನಲ್ಲಿ ಕೆಲಸ ಮಾಡುವವರು ಪೌಡರ್‌ಗೂ ಸಿಂಥೆಟಿಕ್ ಬ್ರಷ್‌ನ್ನೇ ಕೊಳ್ಳುವುದು ಮೇಲು. ಮೇಕೆ ಕೂದಲು ಪುಡಿಯನ್ನು ಹಿಡಿಯುವ ರೀತಿ ಬಲು ಚಂದ, ಅದನ್ನು ಅಲ್ಲಗಳೆಯಲಾರೆ. ಆದರೆ ಅದು ನೀರನ್ನೂ ಹಾಗೆಯೇ ಹಿಡಿದುಕೊಳ್ಳುತ್ತದೆ. ನೈಲಾನ್ ಎಳೆ ನೀರು ಹೀರುವುದು ಬಹಳ ಕಡಿಮೆ, ಬೇಗ ಒಣಗುತ್ತದೆ.

ರೆಕ್ಸಿನ್ ಚೀಲವನ್ನು ಮದುವೆ ಮನೆಗೆ ಕೊಂಡೊಯ್ಯಲು ಮಾತ್ರ ಇಟ್ಟುಕೊಳ್ಳಿ. ಕಕ್ಕಡಕ್ಕೆ ಎತ್ತಿಡುವಾಗ ಬ್ರಷ್‌ಗಳನ್ನು ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆಗೆ ಇಡಿ. ಮುಚ್ಚಿದ ಡಬ್ಬಿ ಒಳಗಿನ ತೇವವನ್ನೂ ಹೊರಗೆ ಬಿಡುವುದಿಲ್ಲವಾದ್ದರಿಂದ, ತುಟಿಯ ಪರೀಕ್ಷೆಯಲ್ಲಿ ಗೆದ್ದ ಬ್ರಷ್ ಮಾತ್ರ ಅದರೊಳಗೆ ಹೋಗಬೇಕು. ಬಣ್ಣ ಬದಲಾಗುವ ಜೆಲ್ ಸಿಕ್ಕಿದರೆ ಒಳ್ಳೆಯದು: ಕಿತ್ತಳೆ ಬಣ್ಣದ ಕಾಳುಗಳು ತೇವ ಕುಡಿದಾಗ ಹಸಿರಾಗುತ್ತವೆ. ಆಗ ಕಾಳುಗಳನ್ನು ತಟ್ಟೆಗೆ ಸುರಿದು ಓವನ್‌ನಲ್ಲಿ ಸುಮಾರು 120 ಡಿಗ್ರಿ ಶಾಖದಲ್ಲಿ ಕಾಯಿಸಿದರೆ ಮತ್ತೆ ಕಿತ್ತಳೆಗೆ ತಿರುಗುತ್ತವೆ. ನೀಲಿಯಿಂದ ಗುಲಾಬಿಗೆ ತಿರುಗುವ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ರಾಸಾಯನಿಕ ಇರುವುದರಿಂದ ಮುಖಕ್ಕೆ ತಾಗುವ ವಸ್ತುಗಳ ಜೊತೆಗೆ ಅದನ್ನು ಇಡಬೇಡಿ. ನುಸಿಗುಳಿಗೆಯೂ ಆ ಡಬ್ಬಿಯಲ್ಲಿ ಬೇಡ. ವಾರಕ್ಕೊಮ್ಮೆ ಮುಚ್ಚಳ ತೆಗೆದು ಮೂಸಿ ನೋಡುತ್ತಿರಿ.

ಸ್ಪಂಜನ್ನು ಉಳಿಸುವ ಗೋಜಿಗೆ ಹೋಗಬೇಡಿ. ಅದರ ಒಳಗನ್ನು ಒಣಗಿಸುವುದು ನಮ್ಮ ಮಳೆಯಲ್ಲಿ ಆಗದ ಮಾತು. ಕಕ್ಕಡ ಬರುವ ಮೊದಲು ಹಳೆಯದನ್ನು ಎಸೆದು, ಮದುವೆಗಳು ಮತ್ತೆ ಶುರುವಾದಾಗ ಹೊಸದನ್ನು ಕೊಂಡರಾಯಿತು.