ಹೈಲಕ್ಸ್ ತಗೊಳ್ಳಲಾ? ಇಟ್ಟುಕೊಂಡು ಓಡಿಸಿದವರು ಹೇಳಿ

ಮನೆ ಮೈಸೂರು, ತೋಟ ಪಾಂಡವಪುರದ ಹತ್ತಿರ. ವಾರಕ್ಕೆ ಮೂರು ಸಲ ಓಡಾಟ. ತೆಂಗು, ಒಂದಿಷ್ಟು ಕಬ್ಬು, ಎರಡು ಹಸು. ಟೊಯೋಟಾ ಹೈಲಕ್ಸ್ ಥರದ ಡಬಲ್ ಕ್ಯಾಬ್ ಪಿಕಪ್ (ಎರಡು ಸಾಲು ಸೀಟು, ಹಿಂದೆ ತೆರೆದ ತೊಟ್ಟಿ) ಮೇಲೆ ಕಣ್ಣು ಬಿದ್ದಿದೆ. ಮನೇಲಿ ಅಮ್ಮ, ಹೆಂಡ್ತಿ, ಮಗ. ಶೋರೂಮಿನ ಮಾತು ಕೇಳಿ ಸಾಕಾಗಿದೆ. ದಿನಾ ಓಡಿಸೋರು ಹೇಳಿ.

ಕುವೆಂಪುನಗರದಿಂದ:
ಸಾರ್, ಮೊದಲು ಟೇಪು ಹಿಡಿದು ಗೇಟಿನಿಂದ ಗೋಡೆವರೆಗೆ ಅಳೀರಿ. ಹೈಲಕ್ಸ್ ಉದ್ದ 5325 ಮಿಲಿಮೀಟರ್, ಹತ್ತಿರಹತ್ತಿರ ಹದಿನೇಳೂವರೆ ಅಡಿ. ನಮ್ಮದು ಮೂವತ್ತು-ನಲವತ್ತು ಸೈಟು; ನನ್ನ ಪಿಕಪ್ ತಂದ ದಿನ ಮೂತಿ ಒಳಗೆ, ಬಾಲ ಬೀದೀಲಿ. ಈಗ ಪಕ್ಕದ ಖಾಲಿ ಸೈಟಲ್ಲಿ ನಿಲ್ಲಿಸ್ತೀನಿ. ಅವರು ಮನೆ ಕಟ್ಟೋಕೆ ಶುರು ಮಾಡದಿರಲಿ ಅಂತ ಬೇಡ್ಕೋತೀನಿ, ಪಾಪ ಬರುತ್ತೋ ಏನೋ.

ಓಡಿಸೋಕೆ ಮಾತ್ರ ಖುಷಿ. ಎತ್ತರದಲ್ಲಿ ಕೂತಿರ್ತೀವಿ, ಮುಂದಿನ ಕಬ್ಬಿನ ಗಾಡಿ ಆಚೆಗೂ ರಸ್ತೆ ಕಾಣುತ್ತೆ. ಆದರೆ ಹಿಂದೆ ಇರೋದು ಲಾರಿ ಥರ ಲೀಫ್ ಪ್ಲೇಟು ಸ್ಪ್ರಿಂಗು, ಭಾರ ಹೊರೋಕೆ ಅಂತಾನೇ ಬಿಗಿಯಾಗಿ ಕೂರಿಸಿರ್ತಾರೆ. ಖಾಲಿ ಹೋದ್ರೆ ಹಂಪ್ಸಿಗೆಲ್ಲ ಹಿಂಭಾಗ ಎಗರುತ್ತೆ, ಹಿಂದಿನ ಸೀಟಿನವರು ಬೈತಾರೆ. ನಾಲ್ಕು ಮೂಟೆ ಹಿಂಡಿ ಹಾಕಿ, ಅದೇ ಗಾಡಿ ಸಾಧು ಆಗಿಬಿಡುತ್ತೆ. ನಾನು ಎರಡು ಮರಳು ಮೂಟೆ ಹಿಂದಿನ ಆಕ್ಸಲ್ ಮೇಲೆ ಬರೋ ಹಾಗೆ ಕಟ್ಟಿಟ್ಟಿದ್ದೀನಿ. ಹಗ್ಗ ಬಿಗೀರಿ, ಒಂದ್ಸಲ ಬಿಗೀದೆ ಬ್ರೇಕ್ ಒತ್ತಿದಾಗ ಕ್ಯಾಬಿನ್ನಿಗೆ ಬಂದು ಗುದ್ದಿದ ಸದ್ದು ಇನ್ನೂ ಕಿವೀಲಿದೆ.

ಮಳೆಗಾಲದಲ್ಲಿ ನಾಲೆ ಏರಿ ಮೇಲೆ ಖಾಲಿ ಪಿಕಪ್ ಜಾರುತ್ತೆ, ಹಿಂದಿನ ಚಕ್ರದ ಮೇಲೆ ಭಾರ ಇರಲ್ಲ ನೋಡಿ. ಫೋರ್ ಬೈ ಫೋರ್, ಅಂದ್ರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗೋ ಗೇರು ಹಾಕಿದ್ರೆ ಎದ್ದು ಬರುತ್ತೆ. ಒಣ ಟಾರು ರಸ್ತೆಗೆ ಬಂದ ಕೂಡಲೇ ತೆಗೀರಿ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಸುತ್ತಬೇಕು, ಎರಡನ್ನೂ ಒಟ್ಟಿಗೆ ಬೀಗ ಹಾಕಿದ್ರೆ ಒಳಗಿನ ಗೇರೆಲ್ಲ ಬಿಗೀತವೆ.

ಮದ್ದೂರಿಂದ:
ಅಣ್ಣ, ಆಸೆಗೆ ತಗೊಳಿ, ದುಡಿಮೆಗೆ ಅನ್ಬೇಡಿ. ಹೈಲಕ್ಸ್ ಹೊರೋದು ಅರ್ಧ ಟನ್ನಿಗಿಂತ ಕಮ್ಮಿ. ಯೂರಿಯಾ ಮೂಟೆ 45 ಕೆಜಿ, ಹತ್ತು ಹಾಕಿದ್ರೆ ಮುಗೀತು. ಅದರ ಅರ್ಧ ದುಡ್ಡೂ ಆಗದ ಬೊಲೆರೊ ಪಿಕಪ್ಪಲ್ಲಿ ಒಂದೂವರೆ ಟನ್ ದಾಟಿ ಹೊರೋದು ಸಿಕ್ತದೆ. ಬಿಳಿ ಬೋರ್ಡ್ ಗಾಡೀಲಿ ಪಕ್ಕದವರ ಎಳನೀರು ಬಾಡಿಗೆಗೆ ಹೊಡೆಯಂಗಿಲ್ಲ. ಬಾಡಿಗೆ ಇಲ್ದೆ ಕೇಳೋರು ಮಾತ್ರ ಸಾಲಾಗಿ ಬತ್ತಾರೆ. ಗಾಡಿ ಬಂದ ವಾರಕ್ಕೇ ನಮ್ಮ ಮಾವ ಎಮ್ಮೆ ಸಾಗ್ಸೋಕೆ ಕೇಳಿದ್ರು ಕಣಣ್ಣ.

ಟೆಕ್ಸಾಸಿನಿಂದ ವಾಪಸ್ ಬಂದು ಈಗ ಮೈಸೂರಲ್ಲಿರೋರು:
ಅಲ್ಲಿನವರ ಲೆಕ್ಕದಲ್ಲಿ ಹೈಲಕ್ಸ್ ಪೂರ್ತಿ ಗಾತ್ರದ ಪಿಕಪ್ಪೇ ಅಲ್ಲ. ನಾನು ಓಡಿಸ್ತಿದ್ದ ಫೋರ್ಡ್ ಎಫ್-150 ಸುಮಾರು 5.9 ಮೀಟರ್ ಉದ್ದ, ಕನ್ನಡಿ ಬಿಟ್ಟೇ ಎರಡು ಮೀಟರ್ ಅಗಲ. ಆ ರಸ್ತೆಗಳಲ್ಲಿ ಅದು ದೊಡ್ಡದು ಅಂತ ಒಂದು ದಿನವೂ ಅನಿಸಲಿಲ್ಲ. ಶಿವರಾಂಪೇಟೆಯಲ್ಲಿ ಸ್ನೇಹಿತನ ಹೈಲಕ್ಸ್ ಸಿಕ್ಕಿಸಿಕೊಂಡ ದಿನ ಅನಿಸಿತು.

ಮಂಡ್ಯದಿಂದ:
ತಂದಿದ್ದು ನಮ್ಮನೆಯವರು, ಈಗ ಓಡಿಸೋದು ನಾನು. ಬಾನೆಟ್ ಎತ್ತರ, ಎದುರಿಗೆ ಚಿಕ್ಕ ಮಗು ನಿಂತ್ರೆ ಕಾಣಲ್ಲ. ಹೊರಡೋ ಮುಂಚೆ ಇಳಿದು ನೋಡೋ ಅಭ್ಯಾಸ ಮಾಡ್ಕೊಳ್ಳಿ. ಡಿಕ್ಕಿ ಅಂತ ಇಲ್ಲ. ಮದುವೆಗೆ ಹೊರಟ್ರೆ ಸೀರೆ ಬ್ಯಾಗೆಲ್ಲ ಹಿಂದೆ ಟಾರ್ಪಾಲಿನ ಕೆಳಗೆ, ಮಳೆ ಬಂದ್ರೆ ದೇವರೇ ಗತಿ. ಮುಚ್ಚಳ ಹಾಕಿಸೋ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ನಮ್ಮತ್ತೆಗೆ ಮೊಣಕಾಲು ನೋವು, ಹತ್ತೋಕೆ ಒಂದು ಪ್ಲಾಸ್ಟಿಕ್ ಸ್ಟೂಲು ಯಾವಾಗಲೂ ಗಾಡೀಲೇ ಇರುತ್ತೆ. ಟೆಸ್ಟ್ ಡ್ರೈವಿಗೆ ನಿಮ್ಮ ಅಮ್ಮನ್ನೂ ಕರ್ಕೊಂಡು ಹೋಗಿ. ಮುಂದೆ ಕೂರಿಸಬೇಡಿ, ಹಿಂದಿನ ಸೀಟಲ್ಲಿ ಕೂರಿಸಿ.

ಕೇಳಿದವರು ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಅಮ್ಮನ ಜೊತೆ ಹೋಗ್ತಿದ್ದೀವಿ, ಸ್ಟೂಲೂ ಇಟ್ಕೊಂಡಿದ್ದೀನಿ. ಗೇಟಿನಿಂದ ಗೋಡೆವರೆಗೆ ಅಳೆದೆ, ಹದಿನಾರು ಅಡಿ ಎಂಟು ಇಂಚು. ಅದನ್ನ ಹೆಂಡ್ತಿಗೆ ಇನ್ನೂ ಹೇಳಿಲ್ಲ.